ಎಪಿಪಿ ಆಗಬೇಕೆಂದರೆ ಆ ಮೂರು ವರ್ಷ ಏನು ಮಾಡಬೇಕು?

ಈ ವರ್ಷ ಎಲ್‌ಎಲ್‌ಬಿ ಮುಗಿಯಿತು, ಮನೆ ತಾಲ್ಲೂಕು ಊರಿನಲ್ಲಿ, ಸರ್ಕಾರಿ ವಕೀಲರಾಗುವ ಆಸೆ ಎಂದು ಬರೆದಿದ್ದೀರಿ. ಆಯ್ಕೆ ಹೇಗೆ ನಡೆಯುತ್ತದೆ, ಈಗಲೇ ಬೆಂಗಳೂರಿಗೆ ಹೋಗಿ ಕೋಚಿಂಗ್ ಸೇರಬೇಕಾ ಎಂದು ಕೇಳಿದ್ದೀರಿ. ನಾನು ಎರಡನೇ ಸಲ ಪರೀಕ್ಷೆ ಬರೆದು ಎಪಿಪಿ ಆದೆ, ಅಂದರೆ ಕ್ರಿಮಿನಲ್ ಕೇಸುಗಳಲ್ಲಿ ಸರ್ಕಾರದ ಪರ ವಾದಿಸುವ ಹುದ್ದೆ ಸಿಕ್ಕಿತು. ಕೋಚಿಂಗ್ ಈಗಲೇ ಬೇಡ. ಮೊದಲು ನಿಮ್ಮೂರಿನ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಹೋಗಿ ಕೂರಿ.

ಒಂದು ವಿಷಯ ಮೊದಲೇ ಬಿಡಿಸಿಕೊಳ್ಳೋಣ. ಊರಲ್ಲಿ ಎಲ್ಲರನ್ನೂ 'ಸರ್ಕಾರಿ ವಕೀಲರು' ಎನ್ನುತ್ತಾರೆ, ಆದರೆ ದಾರಿ ಎರಡು. ಜಿಲ್ಲಾ ಸರ್ಕಾರಿ ವಕೀಲರು, ಹೈಕೋರ್ಟಿನ ಸರ್ಕಾರಿ ವಕೀಲರು ಇವರನ್ನು 1977ರ ಕಾನೂನು ಅಧಿಕಾರಿಗಳ ನಿಯಮಗಳ ಪ್ರಕಾರ ಸರ್ಕಾರವೇ ನೇಮಿಸುತ್ತದೆ. ಅಲ್ಲಿ ಪರೀಕ್ಷೆ ಇಲ್ಲ, ಹುದ್ದೆಯೂ ಒಂದು ಅವಧಿಗೆ ಮಾತ್ರ. ಇಂಥ ನೇಮಕಾತಿಯೂ ಪಾರದರ್ಶಕವಾಗಿ ನಡೆಯಬೇಕು ಎಂದು ಸುಪ್ರೀಂ ಕೋರ್ಟ್ 2016ರಲ್ಲಿ ಪಂಜಾಬಿನ ಪ್ರಕರಣವೊಂದರಲ್ಲಿ ಹೇಳಿತು. ಆದರೂ ಈಗಷ್ಟೇ ಓದು ಮುಗಿಸಿದವರ ದಾರಿ ಅದಲ್ಲ. ನಿಮ್ಮದು ಸಹಾಯಕ ಸರ್ಕಾರಿ ಅಭಿಯೋಜಕರ ಹುದ್ದೆ, ಅಂದರೆ ಎಪಿಪಿ. ಇದಕ್ಕೆ ಅಭಿಯೋಜನೆ ಮತ್ತು ಸರ್ಕಾರಿ ವ್ಯಾಜ್ಯಗಳ ಇಲಾಖೆ ಅರ್ಜಿ ಕರೆಯುತ್ತದೆ. ಪ್ರಿಲಿಮ್ಸ್, ಮೇನ್ಸ್, ಆಮೇಲೆ ಮೌಖಿಕ ಸಂದರ್ಶನ. ಆಯ್ಕೆಯಾದರೆ ಕಾಯಂ ನೌಕರಿ, ಕೆಲಸ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ.

ಡಿಗ್ರಿ ಒಂದಿದ್ದರೆ ಸಾಲದು, ವಕೀಲರಾಗಿ ಕನಿಷ್ಠ ಮೂರು ವರ್ಷ ಪ್ರಾಕ್ಟೀಸ್ ಮಾಡಿರಬೇಕು. ಆದ್ದರಿಂದ ಮಾರ್ಕ್ಸ್ ಕಾರ್ಡ್ ಕೈಗೆ ಬಂದ ಕೂಡಲೇ ರಾಜ್ಯ ವಕೀಲರ ಪರಿಷತ್ತಿನಲ್ಲಿ ನೋಂದಣಿ ಮಾಡಿಸಿ. ಶುಲ್ಕದ ಚಿಂತೆಗೆ ತಡ ಮಾಡಬೇಡಿ. ಸಾಮಾನ್ಯ ವರ್ಗದವರಿಂದ 750 ರೂಪಾಯಿ, ಪರಿಶಿಷ್ಟರಿಂದ 125 ರೂಪಾಯಿಗಿಂತ ಜಾಸ್ತಿ ಪಡೆಯುವಂತಿಲ್ಲ ಎಂದು 2024ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. ಆಮೇಲೆ ಅಖಿಲ ಭಾರತ ಬಾರ್ ಪರೀಕ್ಷೆ ಪಾಸು ಮಾಡಿಕೊಳ್ಳಿ. ಮೂರು ವರ್ಷ ಯಾವ ದಿನಕ್ಕೆ ತುಂಬಿರಬೇಕು ಎಂದು ಅಧಿಸೂಚನೆಯಲ್ಲೇ ಬರೆದಿರುತ್ತದೆ. ಹತ್ತು ದಿನ ತಡವಾಗಿ ಸನದು (ವಕೀಲಿಕೆಯ ನೋಂದಣಿ ಪತ್ರ) ಪಡೆದ ಕಾರಣಕ್ಕೆ ಅರ್ಜಿ ಹಾಕಲಾಗದೆ ಅತ್ತ ಗೆಳತಿ ನನಗಿದ್ದಾಳೆ.

ಈ ಮೂರು ವರ್ಷವನ್ನು ಸುಮ್ನೆ ಕಾಯುವ ಕಾಲ ಅಂದುಕೊಂಡೇ ನಾನು ಮೊದಲ ಸಲ ಕೆಟ್ಟೆ. ನಾನು ಸೇರಿದ ಆಫೀಸಿನಲ್ಲಿ ಬರೀ ಸಿವಿಲ್ ದಾವೆ. ಬೆಳಿಗ್ಗೆ ಹೋಗಿ ಮುಂದಿನ ದಿನಾಂಕ ಕೇಳುವುದು, ಸಂಜೆ ಡೈರಿ ಬರೆಯುವುದು, ರಾತ್ರಿ ಗೈಡ್ ಓದುವುದು. ಪ್ರಿಲಿಮ್ಸ್ ಸಲೀಸಾಗಿ ದಾಟಿದೆ. ಮೇನ್ಸ್‌ನಲ್ಲಿ ಬಿದ್ದೆ. ಕಲಂಗಳೆಲ್ಲ ಬಾಯಿಗೆ ಬರುತ್ತಿದ್ದವು. ಆದರೆ ಒಂದು ಘಟನೆ ಕೊಟ್ಟು ಜಾಮೀನು ಅರ್ಜಿಗೆ ಆಕ್ಷೇಪಣೆ ಬರೆಯಿರಿ ಎಂದರೆ ಎಲ್ಲಿಂದ ಶುರು ಮಾಡಬೇಕು ಎಂದೇ ತಿಳಿಯಲಿಲ್ಲ. ಅದುವರೆಗೆ ಒಂದು ಆಕ್ಷೇಪಣೆಯನ್ನೂ ಓದಿರಲಿಲ್ಲ, ಬರೆಯುವುದು ಎಲ್ಲಿಂದ ಬರಬೇಕು?

ಮರುವರ್ಷ ಕ್ರಿಮಿನಲ್ ಕೇಸು ನಡೆಸುವ ಸೀನಿಯರ್ ಒಬ್ಬರ ಹತ್ತಿರ ಹೋದೆ. 'ಸಂಬಳ ಬೇಡ ಸರ್, ಚಾರ್ಜ್‌ಶೀಟ್ ಓದಲು ಬಿಡಿ' ಎಂದೆ. ಅವರು ಕೈಗಿಟ್ಟ ಮೊದಲ ಫೈಲು ಒಂದು ಸಣ್ಣ ಕಳವಿನ ಕೇಸು. ಎಫ್‌ಐಆರ್, ಸ್ಥಳ ಮಹಜರು, ಸಾಕ್ಷಿಗಳ ಹೇಳಿಕೆ, ವಸ್ತು ವಶಪಡಿಸಿಕೊಂಡ ಮಹಜರು ಎಲ್ಲವನ್ನೂ ಪಕ್ಕಪಕ್ಕ ಇಟ್ಟು ದಿನಾಂಕ, ಸಮಯ ತಾಳೆ ನೋಡು ಎಂದರು. ಎರಡು ಮಹಜರುಗಳ ನಡುವೆ ಇದ್ದದ್ದು ಹದಿನೈದೇ ನಿಮಿಷ, ಊರುಗಳ ನಡುವೆ ಇಪ್ಪತ್ತು ಕಿಲೋಮೀಟರ್. ಆರೋಪಿ ಪರ ವಕೀಲರು ಹಿಡಿಯುವುದು ಇಂಥದ್ದನ್ನೇ. ಎಪಿಪಿ ಆದವರು ಇದನ್ನು ಅವರಿಗಿಂತ ಮೊದಲೇ ನೋಡಿರಬೇಕು, ಅಲ್ವಾ? ಆ ಒಂದು ಸಂಜೆ ಕಲಿತಷ್ಟನ್ನು ನನಗೆ ಯಾವ ಗೈಡೂ ಕಲಿಸಿರಲಿಲ್ಲ.

ನೀವೂ ಹಾಗೇ ಮಾಡಿ. ಕೋರ್ಟ್ ಹಾಲಿನಲ್ಲಿ ಹಿಂದಿನ ಬೆಂಚಿನಲ್ಲಿ ಕೂತು ಎಪಿಪಿ ಮುಖ್ಯ ವಿಚಾರಣೆ ಮಾಡುವುದನ್ನು, ಎದುರು ವಕೀಲರ ಪಾಟೀ ಸವಾಲನ್ನು ಕೇಳಿ. ಪಂಚ, ಅಂದರೆ ಮಹಜರಿಗೆ ಸಹಿ ಹಾಕಿದ ಸಾಕ್ಷಿ, ಬಂದು 'ಸಹಿ ನನ್ನದೇ ಸ್ವಾಮಿ, ಆದರೆ ಹಾಕಿದ್ದು ಠಾಣೆಯಲ್ಲಿ' ಎನ್ನುತ್ತಾನೆ. ಆಗ ಎಪಿಪಿ ಅವನನ್ನು ಪ್ರತಿಕೂಲ ಸಾಕ್ಷಿ ಎಂದು ಪರಿಗಣಿಸಲು ಅನುಮತಿ ಕೇಳಿ, ಏನೇನು ಪ್ರಶ್ನೆ ಹಾಕುತ್ತಾರೆ ಎಂದು ಬರೆದಿಟ್ಟುಕೊಳ್ಳಿ. ಕೋರ್ಟ್ ಡ್ಯೂಟಿಯ ಪೊಲೀಸ್ ಕಾನ್‌ಸ್ಟೆಬಲ್ ಜೊತೆ ಮಾತಾಡಿ. ಸಾಕ್ಷಿಗಳಿಗೆ ಸಮನ್ಸ್ ಯಾಕೆ ಮುಟ್ಟುವುದಿಲ್ಲ ಎಂದು ಅವರಷ್ಟು ಚೆನ್ನಾಗಿ ಬೇರೆ ಯಾರೂ ಹೇಳಲಾರರು.

ಓದಿನ ವಿಷಯಕ್ಕೆ ಬಂದರೆ, ನಿಮ್ಮ ಬ್ಯಾಚಿಗೆ ಹೊರೆ ಸ್ವಲ್ಪ ಜಾಸ್ತಿ. 2024ರ ಜುಲೈ 1ರಿಂದ ಹೊಸ ಮೂರು ಕಾನೂನು, ಭಾರತೀಯ ನ್ಯಾಯ ಸಂಹಿತೆ, ನಾಗರಿಕ ಸುರಕ್ಷಾ ಸಂಹಿತೆ, ಸಾಕ್ಷ್ಯ ಅಧಿನಿಯಮ, ಜಾರಿಗೆ ಬಂದಿವೆ, ಆದರೆ ಅದಕ್ಕೂ ಮೊದಲು ನಡೆದ ಅಪರಾಧಗಳಿಗೆ ಐಪಿಸಿಯೇ. ಕೋರ್ಟಿನಲ್ಲಿ ಎರಡೂ ಬಗೆಯ ಫೈಲುಗಳು ಒಂದೇ ಮೇಜಿನ ಮೇಲಿರುತ್ತವೆ. ಕೊಲೆ ಐಪಿಸಿಯಲ್ಲಿ 302, ನ್ಯಾಯ ಸಂಹಿತೆಯಲ್ಲಿ 103. ಎಲೆಕ್ಟ್ರಾನಿಕ್ ಸಾಕ್ಷ್ಯದ ಕಲಂ ಹಳೆಯ ಸಾಕ್ಷ್ಯ ಕಾಯ್ದೆಯಲ್ಲಿ 65ಬಿ, ಹೊಸ ಸಾಕ್ಷ್ಯ ಅಧಿನಿಯಮದಲ್ಲಿ 63. ಎಪಿಪಿ ನೇಮಕಾತಿಯ ಕಲಂ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ 25 ಇತ್ತು, ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 19. ಒಂದು ನೋಟ್ ಪುಸ್ತಕದಲ್ಲಿ ಎಡಕ್ಕೆ ಹಳೆಯದು, ಬಲಕ್ಕೆ ಹೊಸದು ಎಂದು ಕೈಯಾರೆ ಬರೆಯಿರಿ. ಸಿವಿಲ್ ಕಾನೂನನ್ನೂ ಕೈ ಬಿಡಬೇಡಿ, ಹುದ್ದೆಯ ಪೂರ್ತಿ ಹೆಸರಿನಲ್ಲಿ 'ಸಹಾಯಕ ಸರ್ಕಾರಿ ವಕೀಲರು' ಎಂದೂ ಇದೆ. ಕನ್ನಡದಲ್ಲೂ ಕಾನೂನು ಬರೆಯಲು ಕೈ ಪಳಗಿಸಿ. ತಾಲ್ಲೂಕು ಕೋರ್ಟಿನಲ್ಲಿ ಸಾಕ್ಷಿಗಳು ಮಾತಾಡುವುದು ಕನ್ನಡವನ್ನೇ.

ಸಂದರ್ಶನದಲ್ಲಿ ನನ್ನನ್ನು ಕೇಳಿದ್ದು ಇದು: 'ಇಬ್ಬರೂ ಪಂಚರು ತಿರುಗಿಬಿದ್ದರು. ವಸ್ತು ಸಿಕ್ಕಿದ್ದನ್ನು ಹೇಗೆ ಸಾಬೀತು ಮಾಡುತ್ತೀರಿ?' ತನಿಖಾಧಿಕಾರಿಯ ಸಾಕ್ಷ್ಯ ನಂಬುವಂತಿದ್ದರೆ ಅದರ ಮೇಲೂ ಸಾಬೀತು ಮಾಡಬಹುದು ಎಂದು ಹೇಳಿ, ದೆಹಲಿಯ ಸುನಿಲ್ ಪ್ರಕರಣದ ಸುಪ್ರೀಂ ಕೋರ್ಟ್ ತೀರ್ಪು ನೆನಪಿಸಿದೆ. 'ಆ ತನಿಖಾಧಿಕಾರಿ ಸುಳ್ಳು ಹೇಳುತ್ತಿದ್ದಾನೆ ಎಂದು ನಿಮಗೇ ಅನ್ನಿಸಿದರೆ?' ಎಂದರು. ಎರಡು ನಿಮಿಷ ಸುಮ್ಮನಿದ್ದು, 'ಶಿಕ್ಷೆ ಆಗಲೇಬೇಕು ಎಂದು ಹಟ ಹಿಡಿಯುವುದು ನನ್ನ ಕೆಲಸವಲ್ಲ. ಆರೋಪಿಗೆ ಅನುಕೂಲವಾದ ದಾಖಲೆ ಇದ್ದರೂ ಕೋರ್ಟಿನ ಮುಂದೆ ಇಡುತ್ತೇನೆ' ಎಂದೆ. ಇದನ್ನು ನಾನು ಈಗಲೂ ನಂಬುತ್ತೇನೆ. ಎಪಿಪಿ ಪೊಲೀಸರ ವಕೀಲರಲ್ಲ. ಅಭಿಯೋಜಕರು ಪೊಲೀಸ್ ಇಲಾಖೆಯ ಅಧೀನದಲ್ಲಿ ಇರಬಾರದು ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಶಹಾಣೆ ಪ್ರಕರಣದಲ್ಲಿ ಹೇಳಿದೆ. ಆ ತೀರ್ಪನ್ನು ಪೂರ್ತಿ ಓದಿ, ದೊಡ್ಡದೇನಲ್ಲ.

ಇನ್ನು ದಾಖಲೆ. ಗ್ರಾಮೀಣ ಮೀಸಲಾತಿ, ಕನ್ನಡ ಮಾಧ್ಯಮ ಮೀಸಲಾತಿ ನಿಮಗೆ ಸಿಗುವುದಾದರೆ ಒಂದರಿಂದ ಹತ್ತನೇ ತರಗತಿವರೆಗಿನ ಪ್ರಮಾಣಪತ್ರಗಳನ್ನು ಈಗಲೇ ಶಾಲೆಗೆ ಹೋಗಿ ಮಾಡಿಸಿಟ್ಟುಕೊಳ್ಳಿ. ನಮೂನೆ ಅಧಿಸೂಚನೆಯಲ್ಲಿ ಹೇಳಿದ್ದೇ ಆಗಬೇಕು. ಕಲ್ಯಾಣ ಕರ್ನಾಟಕದವರಾದರೆ ಸಂವಿಧಾನದ 371ಜೆ ವಿಧಿಯ ಮೀಸಲಾತಿಗೆ ಪ್ರಮಾಣಪತ್ರವೂ ಬೇಕು. ಪ್ರಾಕ್ಟೀಸ್‌ಗೆ ಸಾಕ್ಷಿಯಾಗಿ ನಿಮ್ಮ ಹೆಸರಿರುವ ವಕಾಲತ್ತು, ಆದೇಶಗಳ ನಕಲು ಒಂದು ಫೈಲಿನಲ್ಲಿ ಜೋಡಿಸುತ್ತಾ ಹೋಗಿ.

ಅಧಿಸೂಚನೆ ಪ್ರತಿ ವರ್ಷ ಬರುವುದಿಲ್ಲ, ಇದನ್ನು ಮನೆಯವರಿಗೂ ಈಗಲೇ ಹೇಳಿಡಿ. ಹಾಗಾಗಿ ಸಿವಿಲ್ ಜಡ್ಜ್ ಪರೀಕ್ಷೆಗೂ ಜೊತೆಯಲ್ಲೇ ಓದಿ. ಅದಕ್ಕೂ ಮೂರು ವರ್ಷದ ಪ್ರಾಕ್ಟೀಸ್ ಬೇಕೆಂದು 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಓದು ಬಹುಪಾಲು ಒಂದೇ. ಕೋಚಿಂಗ್ ಬೇಕೇಬೇಕು ಅನ್ನಿಸಿದರೆ ಮೂರನೇ ವರ್ಷದಲ್ಲಿ, ಮೇನ್ಸ್ ಉತ್ತರ ಬರೆಸಿ ತಿದ್ದಿಕೊಡುವವರ ಹತ್ತಿರ ಮಾತ್ರ ಸೇರಿ.