ಸ್ನಾನದ ಹೊತ್ತಿಗೆ ಕೈ ಎತ್ತುವ ಅಜ್ಜ

ಪ್ರಶ್ನೆ: ಮನೆಗಳಿಗೆ ಹೋಗಿ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸ ನನ್ನದು. ಈಗಿರುವ ಮನೆಯ ಅಜ್ಜನಿಗೆ ಎಂಬತ್ತು ದಾಟಿದೆ, ಮರೆವಿನ ಕಾಯಿಲೆ. ಉಳಿದ ಹೊತ್ತು ಚೆನ್ನಾಗಿಯೇ ಇರುತ್ತಾರೆ. ಸ್ನಾನ ಮಾಡಿಸಲು ಹೋದರೆ ಹೊಡೆಯುತ್ತಾರೆ, ಪರಚುತ್ತಾರೆ. ನಿನ್ನೆ ಮಣಿಕಟ್ಟು ಕಚ್ಚಿ ರಕ್ತ ಬಂತು. ಅವರ ಮಗನಿಗೆ ಹೇಳಿದರೆ, "ಕಾಯಿಲೆಯವರು, ಸ್ವಲ್ಪ ಸಹಿಸ್ಕೊಳ್ಳಿ" ಅಂದರು. ನನಗೇ ಕೆಲಸ ಬರುವುದಿಲ್ಲವೇನೋ ಅನ್ನಿಸುತ್ತಿದೆ. ಏನು ಮಾಡಲಿ ಮೇಡಂ?

ಉತ್ತರ: ತಂಗಿ, ಮೊದಲು ಆ ಗಾಯದ ಮಾತು. ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಚೆನ್ನಾಗಿ ತೊಳೆದಿರಾ? ಮನುಷ್ಯರ ಕಡಿತ ಬೇಗ ಕೀವಾಗುತ್ತದೆ. ರಕ್ತ ಬಂದಿದೆ ಅಂದಮೇಲೆ ಬಟ್ಟೆ ಸುತ್ತಿಕೊಂಡು ಸುಮ್ಮನಿರಬೇಡಿ, ಇವತ್ತೇ ಡಾಕ್ಟರಿಗೆ ತೋರಿಸಿ. ಧನುರ್ವಾಯು ಚುಚ್ಚುಮದ್ದು, ಹೆಪಟೈಟಿಸ್ ಬಿ ಲಸಿಕೆ ಆಗಿದೆಯೋ ಇಲ್ಲವೋ ಅದನ್ನೂ ಹೇಳಿ. ಖರ್ಚನ್ನು ಮನೆಯವರ ಹತ್ತಿರ ಕೇಳಿ, ಸಂಕೋಚ ಬೇಡ.

ನಿಮಗೆ ಕೆಲಸ ಬರುವುದಿಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ನರ್ಸ್ ಆಗಿ ಇಂಥವರನ್ನು ಬಹಳ ಕಾಲ ನೋಡಿಕೊಂಡವಳು ನಾನು. ಸ್ನಾನದ ಹೊತ್ತಿಗೆ ಕೈ ಎತ್ತುವುದು ಈ ಕಾಯಿಲೆಯಲ್ಲಿ ತೀರಾ ಸಾಮಾನ್ಯ. ಅವರ ಕಡೆಯಿಂದ ನೋಡಿ: ಯಾರೋ ಗುರುತಿಲ್ಲದ ಹೆಂಗಸು ಬಟ್ಟೆ ಬಿಚ್ಚುತ್ತಾಳೆ, ಮೈ ನಡುಗುತ್ತದೆ, ಇದ್ದಕ್ಕಿದ್ದಂತೆ ತಲೆ ಮೇಲೆ ನೀರು. ಯಾಕೆಂದು ನೆನಪಿಲ್ಲ, ಹೆದರಿಕೆ ಮಾತ್ರ ಇದೆ. ಆದ್ದರಿಂದ ಬಚ್ಚಲು ಬೆಚ್ಚಗಿರಲಿ. ಎದುರಿನಿಂದ ಹೋಗಿ, ಮುಖ ನೋಡಿ ಮಾತಾಡಿ. ಮೈಮೇಲೆ ದೊಡ್ಡ ಟವೆಲ್ ಹೊದಿಸಿ, ಅದರಡಿಯಲ್ಲೇ ಒಂದೊಂದು ಭಾಗ ತೊಳೆಯಿರಿ. ಕಾಲಿನಿಂದ ಶುರು ಮಾಡಿ, ತಲೆ ಕೊನೆಗೆ. "ಈಗ ಕಾಲಿಗೆ ನೀರು ಹಾಕ್ತೀನಿ ಅಜ್ಜಾ" ಎಂದು ಮುಂಚೆಯೇ ಹೇಳಿ, ಅವರ ಕೈಗೂ ಒಂದು ಬಟ್ಟೆ ಕೊಡಿ. ಬೇಡವೆಂದರೆ ನಿಲ್ಲಿಸಿ. ಒದ್ದೆ ಬಟ್ಟೆಯಲ್ಲಿ ಮೈ ಒರೆಸಿದರೂ ಆ ದಿನಕ್ಕೆ ಸಾಕು. ದಿನಾ ಸ್ನಾನ ಆಗಲೇಬೇಕೆಂದು ಹಠ ಹಿಡಿಯುವುದು ಮನೆಯವರು, ಅಜ್ಜನ ಮೈಯಲ್ಲ.

ಇಷ್ಟೆಲ್ಲ ಮಾಡಿಯೂ ಕೈ ಎತ್ತಬಹುದು. ಗೋಡೆಗೂ ಅವರಿಗೂ ನಡುವೆ ಸಿಕ್ಕಿಹಾಕಿಕೊಳ್ಳಬೇಡಿ, ಬಾಗಿಲು ನಿಮ್ಮ ಕಡೆ ಇರಲಿ. ಸರ, ಓಲೆ ತೆಗೆದಿಡಿ, ಕೂದಲು ಕಟ್ಟಿಕೊಳ್ಳಿ. ಮಣಿಕಟ್ಟು ಹಿಡಿದರೆ ನೇರ ಎಳೆಯಬೇಡಿ, ಅವರ ಹೆಬ್ಬೆರಳಿನ ಕಡೆಗೆ ಕೈ ತಿರುಗಿಸಿ, ಹಿಡಿತ ಸಡಿಲವಾಗುವುದು ಅಲ್ಲೇ. ಜುಟ್ಟು ಹಿಡಿದರೆ ಅವರ ಕೈಯನ್ನು ನಿಮ್ಮ ತಲೆಗೇ ಒತ್ತಿ ಹಿಡಿದು ಯಾರನ್ನಾದರೂ ಕರೆಯಿರಿ. ಬೀಳದ ಹಾಗೆ ಕೂತಿದ್ದಾರೆ ಎಂದಾದರೆ ದೂರ ಸರಿದು ನಿಲ್ಲಿ, ಸಿಟ್ಟು ಇಳಿಯಲಿ. ಕೈ ಕಟ್ಟಿಹಾಕುವುದು, ತಿರುಗಿ ಹೊಡೆಯುವುದು ಯಾವ ಕಾರಣಕ್ಕೂ ಬೇಡ.

ಒಂದು ನೋಟ್‌ಬುಕ್ ಇಡಿ. ಎಷ್ಟು ಗಂಟೆ, ಹೊಡೆಯುವ ಮುಂಚೆ ಏನು ನಡೆಯುತ್ತಿತ್ತು, ಏನು ಮಾಡಿದರು, ಯಾವುದರಿಂದ ಸಮಾಧಾನವಾದರು, ನಿಮಗೆ ಎಲ್ಲಿ ಪೆಟ್ಟಾಯಿತು. ಮಂಡಿ ನೋವು, ಮಲಬದ್ಧತೆ, ಮೂತ್ರದ ಸೋಂಕು, ಹೊಸದಾಗಿ ಶುರುವಾದ ಮಾತ್ರೆ, ಇವುಗಳಿಂದಲೂ ವಯಸ್ಸಾದವರು ಹೀಗೆ ಸಿಡಿಯುತ್ತಾರೆ. ಬಾಯಿಬಿಟ್ಟು ಹೇಳಲು ಬರುವುದಿಲ್ಲ ಅವರಿಗೆ. ಈಚೆಗೆ ಒಮ್ಮೆಲೇ ಜಾಸ್ತಿಯಾಗಿದ್ದರೆ ಡಾಕ್ಟರು ನೋಡಲೇಬೇಕು, ನೋಟ್‌ಬುಕ್ ಆಗ ಬಹಳ ಉಪಯೋಗಕ್ಕೆ ಬರುತ್ತದೆ.

ಅದನ್ನೇ ಮಗನ ಮುಂದೆ ಇಟ್ಟು ಕೂತು ಮಾತಾಡಿ. "ನಿಮ್ಮ ತಂದೆಯ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಸ್ನಾನದ ಹೊತ್ತಿಗೆ ಮನೆಯವರೊಬ್ಬರು ಜೊತೆಗಿರಬೇಕು, ಒಬ್ಬಳೇ ಮಾಡಿಸುವುದಿಲ್ಲ" ಅನ್ನಿ. ಸಹಿಸಿಕೊಳ್ಳಿ ಎನ್ನುವುದು ಬಹಳ ಸುಲಭ, ಕಚ್ಚಿಸಿಕೊಂಡಿದ್ದು ಅವರ ಕೈಯಲ್ಲವಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2019ರಲ್ಲಿ ಕೆಲಸದ ಜಾಗದ ಹಿಂಸೆಯ ಬಗ್ಗೆ 190ನೇ ಒಪ್ಪಂದ ಮಾಡಿತು. ಕೆಲಸ ನಡೆಯುವ ಖಾಸಗಿ ಜಾಗವೂ ಕೆಲಸದ ಜಾಗವೇ ಎನ್ನುತ್ತದೆ ಅದು. ಜೊತೆಗೆ ಬಂದ ಶಿಫಾರಸಿನಲ್ಲಿ ರೋಗಿಗಳಿಂದ ಆಗುವ ಹಿಂಸೆಯ ಹೆಸರೂ ಇದೆ. ನೀವು ಕೇಳುತ್ತಿರುವುದು ದೊಡ್ಡ ಉಪಕಾರವೇನಲ್ಲ.

ಎಲ್ಲ ಹೊಡೆತವೂ ಕಾಯಿಲೆಯದಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ, ಈ ಕೆಲಸದಲ್ಲಿರುವ ಬೇರೆಯವರೂ ಓದುತ್ತಾರೆ. ಬುದ್ಧಿ ಸ್ವಾಧೀನದಲ್ಲಿರುವ ಮನುಷ್ಯ ಹೊಡೆದರೆ, ಮೈ ಮುಟ್ಟಬಾರದ ಹಾಗೆ ಮುಟ್ಟಿದರೆ ಅಲ್ಲಿ ಕಾರಣ ಹುಡುಕುತ್ತಾ ಕೂರಬೇಡಿ. ತಕ್ಷಣ ಆ ಮನೆಯಿಂದ ಹೊರಗೆ ಬನ್ನಿ, ಕಳಿಸಿದ ಏಜೆನ್ಸಿಗೂ ಪೊಲೀಸರಿಗೂ ಹೇಳಿ.

ನಿಮ್ಮ ಅಜ್ಜನ ವಿಷಯ ಹಾಗಲ್ಲ. ಮಗ ಒಪ್ಪಿದರೆ ಮುಂದುವರಿಯಿರಿ. ಒಪ್ಪದಿದ್ದರೆ ಬೇರೆ ಮನೆ ನೋಡಿಕೊಳ್ಳಿ. ಅಜ್ಜನನ್ನು ಒಬ್ಬರನ್ನೇ ಬಿಟ್ಟು ಮಾತ್ರ ಹೊರಡಬೇಡಿ, ಮನೆಯವರಿಗೆ ಒಪ್ಪಿಸಿ, ಸಂಬಳದ ಬಾಕಿ ತೆಗೆದುಕೊಂಡು ಹೊರಡಿ.