ಬಿಲ್ ಅಳಿಸಿಹೋದರೆ ಗ್ಯಾರಂಟಿಯೂ ಹೋಯಿತಾ?

ಪ್ರಶ್ನೆ: 2022ರ ದೀಪಾವಳಿಗೆ ಶಿವಮೊಗ್ಗದ ಒಂದು ಅಂಗಡಿಯಲ್ಲಿ ಫ್ರಿಜ್ ತೆಗೆದುಕೊಂಡೆವು. ಕಂಪ್ರೆಸರ್‌ಗೆ ಹತ್ತು ವರ್ಷ ಗ್ಯಾರಂಟಿ ಅಂತ ಬಾಗಿಲ ಮೇಲೆ ಸ್ಟಿಕ್ಕರೇ ಇದೆ. ಹೋದ ತಿಂಗಳು ಕೂಲಿಂಗ್ ನಿಂತುಹೋಯಿತು. ಸರ್ವಿಸ್ ಸೆಂಟರಿನವರು ಬಂದು ನೋಡಿ, ಕಂಪ್ರೆಸರ್ ಹೋಗಿದೆ, ಬಿಲ್ ತೋರಿಸಿ ಅಂದರು. ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನವಾಗಿ ಇಟ್ಟಿದ್ದ ಬಿಲ್ ತೆಗೆದರೆ ಬರೀ ಬಿಳಿ ಕಾಗದ! ಬಿಲ್ ಇಲ್ಲದೆ ಗ್ಯಾರಂಟಿ ಕೊಡಲ್ಲ, ದುಡ್ಡು ಕೊಟ್ಟು ಹಾಕಿಸಿಕೊಳ್ಳಿ ಅನ್ನುತ್ತಿದ್ದಾರೆ. ಅಂಗಡಿಯವರು ‘ಕಂಪನಿಯವರನ್ನೇ ಕೇಳಿ’ ಅಂತ ಕೈ ತೊಳೆದುಕೊಂಡಿದ್ದಾರೆ. ಕಾರ್ಡ್‌ನಲ್ಲಿ ದುಡ್ಡು ಕೊಟ್ಟ ನೆನಪಿದೆ. ಏನು ಮಾಡಬೇಕು?
– ಓದುಗರು, ತೀರ್ಥಹಳ್ಳಿ

ಉತ್ತರ: ದುಡ್ಡು ಕೊಟ್ಟು ಹಾಕಿಸಿಕೊಳ್ಳುವ ಅವಸರ ಬೇಡ. ನಿಮ್ಮ ಹಕ್ಕು ಇನ್ನೂ ಹೋಗಿಲ್ಲ.

2019ರ ಗ್ರಾಹಕರ ಸಂರಕ್ಷಣಾ ಕಾಯ್ದೆ ಪ್ರಕಾರ ಹಣ ಕೊಟ್ಟು ವಸ್ತು ಕೊಂಡವರು ಗ್ರಾಹಕರು. ಬಿಲ್ ಕೈಯಲ್ಲಿ ಇದ್ದವರು ಮಾತ್ರ ಗ್ರಾಹಕರು ಅಂತ ಅದರಲ್ಲಿ ಎಲ್ಲೂ ಹೇಳಿಲ್ಲ. ಆದರೆ ಕೊಂಡಿದ್ದೀರಿ ಅನ್ನುವುದನ್ನು ತೋರಿಸುವ ಹೊಣೆ ನಿಮ್ಮದೇ. ಅದನ್ನು ತೋರಿಸಲು ಬಿಲ್ ಒಂದೇ ದಾರಿ ಅಲ್ಲ.

ಮೊದಲು ಫ್ರಿಜ್ ಬಾಗಿಲು ತೆಗೆದು ತರಕಾರಿ ಟ್ರೇ ಪಕ್ಕದ ಗೋಡೆ ನೋಡಿ. ಅಲ್ಲಿ ಇಲ್ಲದಿದ್ದರೆ ಫ್ರಿಜ್‌ನ ಹಿಂಭಾಗ ನೋಡಿ. ಮಾಡೆಲ್, ಸೀರಿಯಲ್ ನಂಬರ್ ಇರುವ ಸ್ಟಿಕ್ಕರ್ ಸಿಗುತ್ತದೆ. ತಯಾರಾದ ತಿಂಗಳು, ವರ್ಷವೂ ಅದರಲ್ಲೇ ಇರಬಹುದು, ಅಥವಾ ಸೀರಿಯಲ್ ನಂಬರಿನಿಂದ ಕಂಪನಿಯವರಿಗೆ ತಿಳಿಯುತ್ತದೆ. ಅಕ್ಷರ ಸರಿಯಾಗಿ ಓದಲು ಬರುವ ಹಾಗೆ ಅದರ ಫೋಟೋ ತೆಗೆದುಕೊಳ್ಳಿ. ನಿಮ್ಮ ಕೇಸಿನಲ್ಲಿ ಇದೇ ದೊಡ್ಡ ಆಧಾರ. ಯಾಕೆ ಅಂದರೆ, ಕಂಪನಿ ಬಿಲ್ ಕೇಳುವುದು ಮುಖ್ಯವಾಗಿ ಕೊಂಡ ತಾರೀಕು ತಿಳಿಯಲು. ಫ್ರಿಜ್ ತಯಾರಾಗಿದ್ದೇ 2022ರಲ್ಲಿ ಅಂತಿಟ್ಟುಕೊಳ್ಳಿ. ತಯಾರಾಗುವ ಮೊದಲೇ ಅದನ್ನು ಯಾರೂ ಕೊಳ್ಳಲು ಆಗುವುದಿಲ್ಲ, ಅಲ್ವಾ? ಹಾಗಾಗಿ ನೀವು ಕೊಂಡ ದಿನ ಯಾವುದೇ ಆಗಿರಲಿ, ಕಂಪ್ರೆಸರ್‌ನ ಹತ್ತು ವರ್ಷ ಇನ್ನೂ ಮುಗಿದಿರಲು ಸಾಧ್ಯವೇ ಇಲ್ಲ. ಸರ್ವಿಸ್ ಸೆಂಟರಿನವರ ಮುಂದೆ ಈ ಮಾತನ್ನು ಹೀಗೇ ಬಿಡಿಸಿ ಹೇಳಿ. ಎಷ್ಟೋ ಸಲ ಕೌಂಟರಿನಲ್ಲಿ ಕೂತವರು ಇಷ್ಟು ದೂರ ಯೋಚನೆ ಮಾಡಿರುವುದಿಲ್ಲ.

ಇನ್ನು ಬಿಲ್ ವಿಷಯ. ನಿಮ್ಮ ಪ್ರತಿ ಅಳಿಸಿದೆ, ಅಂಗಡಿಯ ಲೆಕ್ಕ ಅಳಿಸಿಲ್ಲ. ಜಿಎಸ್‌ಟಿ ಕಾಯ್ದೆಯ 36ನೇ ಸೆಕ್ಷನ್ ಪ್ರಕಾರ, ಆ ವರ್ಷದ ವಾರ್ಷಿಕ ರಿಟರ್ನ್ (ವರ್ಷದ ತೆರಿಗೆ ಲೆಕ್ಕ) ಸಲ್ಲಿಸುವ ಕಡೇ ದಿನದಿಂದ 72 ತಿಂಗಳು ವ್ಯಾಪಾರಿ ಲೆಕ್ಕಪತ್ರ ಇಟ್ಟಿರಲೇಬೇಕು. ನೀವು ಕೊಂಡದ್ದು 2022–23ರ ಸಾಲಿನಲ್ಲಿ. ಅದರ ರಿಟರ್ನ್‌ಗೆ ಕಡೇ ದಿನ 2023ರ ಡಿಸೆಂಬರ್ 31. ಅಲ್ಲಿಂದ 72 ತಿಂಗಳು ಅಂದರೆ 2029ರ ಡಿಸೆಂಬರ್‌ವರೆಗೆ ಆ ಬಿಲ್ಲಿನ ಲೆಕ್ಕ ಅವರ ಹತ್ತಿರ ಇರಬೇಕು. ‘ಹಳೇದೆಲ್ಲ ಇಲ್ಲ ಸಾರ್’ ಅಂದರೆ ಸುಮ್ನೆ ವಾಪಸ್ ಬರಬೇಡಿ. ನಿಮ್ಮ ಆಗಿನ ಮೊಬೈಲ್ ನಂಬರ್ ಹಾಕಿ ಕಂಪ್ಯೂಟರಿನಲ್ಲಿ ಹುಡುಕಿಸಿ. ಡೂಪ್ಲಿಕೇಟ್ ಬಿಲ್ ತೆಗೆಸಿ, ಸೀಲ್, ಸಹಿ ಹಾಕಿಸಿಕೊಳ್ಳಿ.

ಬ್ಯಾಂಕಿಗೂ ಹೋಗಿ. ಆ ಅಕ್ಟೋಬರ್ ತಿಂಗಳ ಸ್ಟೇಟ್‌ಮೆಂಟ್ ಕೇಳಿ. ಬ್ಯಾಂಕುಗಳು ವಹಿವಾಟಿನ ದಾಖಲೆಯನ್ನು ಕನಿಷ್ಠ ಐದು ವರ್ಷ ಇಡಲೇಬೇಕು, ಅದಕ್ಕೂ ಕಾನೂನಿದೆ. ಸ್ಟೇಟ್‌ಮೆಂಟಿನಲ್ಲಿ ಅಂಗಡಿಯ ಹೆಸರು, ತಾರೀಕು, ಮೊತ್ತ ಮೂರೂ ಬಂದರೆ ಅದು ಗಟ್ಟಿ ಸಾಕ್ಷಿ. ಕಂತಿನಲ್ಲಿ ಕೊಂಡ ಓದುಗರಿಗೆ ಇನ್ನೂ ಸುಲಭ. ಸಾಲ ಕೊಟ್ಟ ಹಣಕಾಸು ಸಂಸ್ಥೆಯ ಹತ್ತಿರ ಸಾಮಾನ್ಯವಾಗಿ ಬಿಲ್ಲಿನ ಪ್ರತಿಯೇ ಇರುತ್ತದೆ. ಫ್ರಿಜ್ ತಂದಿಳಿಸಿದ ದಿನ ಕಂಪನಿಯವರು ಡೆಮೋ ಕೊಡಲು ಬಂದಿದ್ದರೆ ಆ ದಾಖಲೆಯೂ ಕಂಪನಿಯಲ್ಲೇ ಇರಬಹುದು. ಹಳೇ ಮೆಸೇಜ್‌ಗಳಲ್ಲಿ ಒಮ್ಮೆ ಹುಡುಕಿ.

ಆ ಬಿಳಿ ಕಾಗದವನ್ನು ಎಸೆಯಬೇಡಿ. ಅದು ಥರ್ಮಲ್ ಕಾಗದ. ಅದರಲ್ಲಿ ಶಾಯಿಯೇ ಇರುವುದಿಲ್ಲ, ಬಿಸಿ ತಾಗಿದ ಕಡೆ ಲೇಪನ ಕಪ್ಪಾಗಿ ಅಕ್ಷರ ಮೂಡುತ್ತದೆ. ಬಿಸಿಲು, ಎಣ್ಣೆ ಕೈ, ಕೆಲವು ಬಗೆಯ ಪ್ಲಾಸ್ಟಿಕ್ ಕವರ್ ಕೂಡ ಅದನ್ನು ಅಳಿಸಿಬಿಡುತ್ತವೆ. ಜೋಪಾನ ಮಾಡಲು ಹಾಕಿದ ಕವರೇ ನಿಮ್ಮ ಬಿಲ್ಲನ್ನು ತಿಂದಿರಬಹುದು. ಒಂದು ಪಕ್ಕದಿಂದ ಬೆಳಕು ಬೀಳುವ ಹಾಗೆ ಹಿಡಿದು ಫೋಟೋ ತೆಗೆದು, ಮೊಬೈಲಿನಲ್ಲಿ ಕಾಂಟ್ರಾಸ್ಟ್ ಜಾಸ್ತಿ ಮಾಡಿ ನೋಡಿ. ಕೆಲವು ಸಲ ಬಿಲ್ ನಂಬರ್ ಮಸುಕಾಗಿ ಕಾಣುತ್ತದೆ. ಅಷ್ಟು ಸಿಕ್ಕರೂ ಅಂಗಡಿಯಲ್ಲಿ ಹುಡುಕುವುದು ಐದು ನಿಮಿಷದ ಕೆಲಸ. ಇಸ್ತ್ರಿ ಪೆಟ್ಟಿಗೆ ಮಾತ್ರ ಇಡಬೇಡಿ, ಇಡೀ ಕಾಗದ ಕಪ್ಪಾಗುತ್ತದೆ.

ಇಷ್ಟನ್ನೂ ಜೋಡಿಸಿಕೊಂಡು ಕಂಪನಿಗೆ ಇಮೇಲ್ ಅಥವಾ ಸ್ಪೀಡ್ ಪೋಸ್ಟ್‌ನಲ್ಲಿ ಬರೆಯಿರಿ. ಬಾಯಿ ಮಾತಿಗೆ ದಾಖಲೆ ಇರುವುದಿಲ್ಲ. ಉದ್ದ ಬೇಡ, ಇಷ್ಟು ಸಾಕು: ‘ಈ ಮಾಡೆಲ್‌ನ, ಈ ಸೀರಿಯಲ್ ನಂಬರಿನ ಫ್ರಿಜ್ಜನ್ನು ಇಂಥ ಅಂಗಡಿಯಲ್ಲಿ 2022ರ ಅಕ್ಟೋಬರ್‌ನಲ್ಲಿ ಕೊಂಡಿದ್ದೇನೆ. ಬ್ಯಾಂಕ್ ಸ್ಟೇಟ್‌ಮೆಂಟ್, ಸ್ಟಿಕ್ಕರಿನ ಫೋಟೋ ಲಗತ್ತಿಸಿದ್ದೇನೆ. ಕಂಪ್ರೆಸರ್ ಕೆಟ್ಟಿದೆ ಎಂದು ನಿಮ್ಮ ತಂತ್ರಜ್ಞರೇ ಹೇಳಿದ್ದಾರೆ. ಗ್ಯಾರಂಟಿ ಪ್ರಕಾರ 15 ದಿನದೊಳಗೆ ಬದಲಿಸಿಕೊಡಿ. ಆಗದಿದ್ದರೆ ಕಾರಣವನ್ನು ಬರಹದಲ್ಲಿ ತಿಳಿಸಿ.’ ಸರ್ವಿಸ್ ಸೆಂಟರಿನ ಜಾಬ್ ಶೀಟ್ (ರಿಪೇರಿಗೆ ಬಂದಾಗ ಬರೆಯುವ ಚೀಟಿ) ನಂಬರನ್ನೂ ಬರೆಯಿರಿ. ಅಂಗಡಿಗೂ ಒಂದು ಪ್ರತಿ ಹೋಗಲಿ.

ಒಂದು ವಿಷಯ ಈಗಲೇ ತಿಳಿದಿರಲಿ. ಕಂಪ್ರೆಸರ್ ಗ್ಯಾರಂಟಿ ಅಂದರೆ ಬಹಳಷ್ಟು ಕಂಪನಿಗಳಲ್ಲಿ ಕಂಪ್ರೆಸರ್‌ಗೆ ಮಾತ್ರ. ಗ್ಯಾಸ್ ತುಂಬುವುದು, ಕೂಲಿ, ಮನೆಗೆ ಬಂದ ಚಾರ್ಜ್ ನಿಮ್ಮ ಮೇಲೇ ಬೀಳಬಹುದು. ಗ್ಯಾರಂಟಿ ಕಾರ್ಡ್ ಇದ್ದರೆ ಓದಿ. ಇಲ್ಲದಿದ್ದರೆ ಆ ಮಾಡೆಲ್‌ನ ಷರತ್ತು ಕಳಿಸಿಕೊಡಿ ಎಂದು ಕಂಪನಿಯನ್ನೇ ಕೇಳಿ.

ಹದಿನೈದು ದಿನದಲ್ಲಿ ಉತ್ತರ ಬರದಿದ್ದರೆ 1915ಕ್ಕೆ ಫೋನ್ ಮಾಡಿ. ಅದು ರಾಷ್ಟ್ರೀಯ ಗ್ರಾಹಕರ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು. ಅವರು ಆದೇಶ ಮಾಡುವವರಲ್ಲ, ದೂರನ್ನು ಕಂಪನಿಗೆ ಮುಟ್ಟಿಸಿ ಉತ್ತರ ಕೇಳುತ್ತಾರೆ. ಅಲ್ಲೂ ಬಗೆಹರಿಯದಿದ್ದರೆ ಶಿವಮೊಗ್ಗದ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಿ. ಐದು ಲಕ್ಷದವರೆಗಿನ ವಸ್ತುವಿಗೆ ಶುಲ್ಕ ಇಲ್ಲ, ವಕೀಲರನ್ನು ಇಡಲೇಬೇಕು ಅಂತಲೂ ಇಲ್ಲ. ಕಂಪನಿ, ಅಂಗಡಿ ಎರಡನ್ನೂ ಎದುರುದಾರರನ್ನಾಗಿ ಮಾಡಿ. ತೊಂದರೆ ಶುರುವಾದ ದಿನದಿಂದ ಎರಡು ವರ್ಷದೊಳಗೆ ದೂರು ಕೊಡಬೇಕು. ಆಯೋಗ ನಿಮ್ಮ ಪ್ರಮಾಣಪತ್ರ (ಅಫಿಡವಿಟ್) ಮತ್ತು ದಾಖಲೆಗಳನ್ನು ನೋಡಿ ತೀರ್ಮಾನ ಮಾಡುತ್ತದೆ.

ಕೊನೆಗೆ, ಯಾರಾದರೂ ‘ಬೇರೆ ಅಂಗಡಿಯಲ್ಲಿ ಒಂದು ಬಿಲ್ ಮಾಡಿಸಿಕೊಡ್ತೀನಿ’ ಅಂದರೆ ಖಂಡಿತ ಒಪ್ಪಬೇಡಿ. ಸೀರಿಯಲ್ ನಂಬರ್ ಯಾವ ಡೀಲರ್‌ಗೆ ಹೋಗಿತ್ತು ಅನ್ನುವುದು ಕಂಪನಿಗೆ ಗೊತ್ತಿರುತ್ತದೆ. ಸುಳ್ಳು ಬಿಲ್ ಕೊಟ್ಟರೆ ನಿಜವಾದ ಕೇಸೂ ಕೆಡುತ್ತದೆ, ಮೇಲೆ ಕ್ರಿಮಿನಲ್ ಅಪರಾಧ ಬೇರೆ.

ಪ್ರಶ್ನೆ: ಎಂಟು ತಿಂಗಳ ಹಿಂದೆ ನಗದು ಕೊಟ್ಟು ಮಿಕ್ಸಿ ಕೊಂಡೆ. ‘ಬಿಲ್ ಬೇಕಂದ್ರೆ ಜಿಎಸ್‌ಟಿ ಸೇರಿ ಜಾಸ್ತಿ ಆಗುತ್ತೆ’ ಅಂದರು, ಬಿಲ್ ತೆಗೆದುಕೊಳ್ಳಲಿಲ್ಲ. ಗ್ಯಾರಂಟಿ ಕಾರ್ಡಿಗೆ ಸೀಲೂ ಹಾಕಿಲ್ಲ. ಈಗ ಮೋಟಾರ್ ಸುಟ್ಟಿದೆ. ನನ್ನದೇ ತಪ್ಪು ಅಂತ ಬಿಟ್ಟುಬಿಡಬೇಕಾ?
– ಓದುಗರು, ಹುಬ್ಬಳ್ಳಿ

ಉತ್ತರ: ಬಿಡಬೇಡಿ. ಡಬ್ಬದ ಮೇಲಿನ ಎಂಆರ್‌ಪಿಯಲ್ಲಿ ಎಲ್ಲ ತೆರಿಗೆಯೂ ಸೇರಿರುತ್ತದೆ, ಅದರ ಮೇಲೆ ಜಿಎಸ್‌ಟಿ ಹಾಕುವಂತಿಲ್ಲ. ಬಿಲ್ ಕೊಡದಿರುವುದು ಗ್ರಾಹಕರ ಕಾಯ್ದೆಯಲ್ಲಿ ಅನುಚಿತ ವ್ಯಾಪಾರ ಪದ್ಧತಿ. ಬಿಲ್ ಇಲ್ಲದೆ ಮಾರಿದ್ದಕ್ಕೆ ಜಿಎಸ್‌ಟಿ ಕಾಯ್ದೆಯಡಿ ಕನಿಷ್ಠ ಹತ್ತು ಸಾವಿರ ರೂಪಾಯಿ ದಂಡವೂ ಬೀಳಬಹುದು. ಅಂಗಡಿಗೆ ಹೋಗಿ ಜಗಳ ಆಡದೆ ಇಷ್ಟು ಹೇಳಿ, ಕೊಂಡ ನಿಜವಾದ ತಾರೀಕು ಹಾಕಿ ಕಾರ್ಡಿಗೆ ಸೀಲ್ ಒತ್ತಿಕೊಡಿ ಅಂತ ಕೇಳಿ.

ಅಷ್ಟರಲ್ಲಿ ಮಿಕ್ಸಿಯ ತಳದಲ್ಲಿ ತಯಾರಾದ ತಿಂಗಳು ಇದೆಯಾ ನೋಡಿ. ಬಿಲ್ ಇಲ್ಲದಿದ್ದಾಗ ಕೆಲವು ಕಂಪನಿಗಳು ಅಲ್ಲಿಂದಲೇ ಗ್ಯಾರಂಟಿ ಲೆಕ್ಕ ಹಾಕುತ್ತವೆ. ಮಿಕ್ಸಿಗೆ ಸಾಮಾನ್ಯವಾಗಿ ಎರಡು ವರ್ಷ ಗ್ಯಾರಂಟಿ ಇರುವುದರಿಂದ ನಿಮ್ಮದು ಅದರೊಳಗೇ ಬರಬಹುದು. ಅಂಗಡಿಯ ಹೆಸರಿನ ಸ್ಟಿಕ್ಕರ್, ಕೈಚೀಲ, ಜೊತೆಗೆ ಬಂದಿದ್ದವರ ಹೇಳಿಕೆ, ಅಂಗಡಿಯವರ ಜೊತೆಗಿನ ವಾಟ್ಸಾಪ್ ಮಾತು, ಇವೆಲ್ಲ ಕೆಲಸಕ್ಕೆ ಬರುತ್ತವೆ. ಆದರೆ ಇದ್ಯಾವುದೂ ಇಲ್ಲದೆ ಆಯೋಗಕ್ಕೆ ಹೋದರೆ ಗೆಲ್ಲುವುದು ಕಷ್ಟ. ಅದಕ್ಕೇ ಮೊದಲು ಸೀಲ್ ಹಾಕಿಸಿಕೊಳ್ಳುವ ಕಡೆ ಗಮನ ಕೊಡಿ.

ಪ್ರಶ್ನೆ: ಬೆಂಗಳೂರಿನಲ್ಲಿರುವ ಅಣ್ಣನ ಮಗ ಆನ್‌ಲೈನ್‌ನಲ್ಲಿ ಟಿವಿ ತರಿಸಿಕೊಟ್ಟ. ಬಿಲ್ ಅವನ ಹೆಸರಿನಲ್ಲಿದೆ. ನಾನು ಗ್ಯಾರಂಟಿ ಕೇಳಬಹುದಾ?
– ಓದುಗರು, ಚಿಂತಾಮಣಿ

ಉತ್ತರ: ಧಾರಾಳವಾಗಿ ಕೇಳಬಹುದು. ಕೊಂಡವರ ಒಪ್ಪಿಗೆಯಿಂದ ವಸ್ತು ಬಳಸುವವರೂ ಕಾಯ್ದೆ ಪ್ರಕಾರ ಗ್ರಾಹಕರೇ. ಅವರು ಆರ್ಡರ್ ಮಾಡಿದ ಆ್ಯಪ್‌ನಲ್ಲಿ ಹಳೇ ಆರ್ಡರ್‌ಗಳ ಪಟ್ಟಿ ತೆಗೆದರೆ ಇನ್‌ವಾಯ್ಸ್ ಸಿಗುತ್ತದೆ, ಕಳಿಸಲು ಹೇಳಿ. ‘ಈ ಟಿವಿಯನ್ನು ಚಿಕ್ಕಪ್ಪನ ಮನೆಗೆ ಕೊಡಿಸಿದ್ದೇನೆ’ ಅಂತ ಅವರಿಂದ ಒಂದು ಸಾಲಿನ ಇಮೇಲನ್ನೂ ತರಿಸಿಕೊಂಡರೆ ಸರ್ವಿಸ್ ಸೆಂಟರಿನಲ್ಲಿ ಹೆಸರಿನ ತಕರಾರು ಬರುವುದಿಲ್ಲ.