ಏಳು ಜನರ ಕೆಲಸ, ಮೂರು ಜನರ ತಲೆ ಮೇಲೆ

ಪ್ರಶ್ನೆ: ನಾನು ಒಂದು ಸಂಸ್ಥೆಯ ಐಟಿ ವಿಭಾಗದಲ್ಲಿ ಸಿಸ್ಟಮ್ ಅಡ್ಮಿನ್. ಮೊದಲು ಏಳು ಜನ ಇದ್ದೆವು, ಈಗ ಮೂರೇ ಜನ. ಬಿಟ್ಟು ಹೋದವರ ಜಾಗಕ್ಕೆ ಯಾರೂ ಬಂದಿಲ್ಲ. ಕೇಳಿದರೆ ‘ಬಜೆಟ್ ಬರಲಿ, ನೋಡೋಣ’ ಅಂತಾರೆ. ಬಾಕಿ ಟಿಕೆಟ್ (ಜನ ದಾಖಲಿಸುವ ದೂರು) 140ಕ್ಕಿಂತ ಕೆಳಗೆ ಇಳಿದದ್ದೇ ಇಲ್ಲ. ಅದು ಸಾಲದು ಅಂತ ಜನ ಟಿಕೆಟ್ ಹಾಕದೆ ನೇರವಾಗಿ ಟೇಬಲ್ ಹತ್ತಿರ ಬಂದು ನಿಲ್ಲುತ್ತಾರೆ. ಯಾರು ಜಾಸ್ತಿ ಕೂಗಾಡುತ್ತಾರೋ ಅವರ ಕೆಲಸ ಮೊದಲು. ಹೋದ ತಿಂಗಳು ವೆಬ್‌ಸೈಟ್‌ನ ಸರ್ಟಿಫಿಕೇಟ್ (ಸೈಟ್ ಅಸಲಿ ಅಂತ ಬ್ರೌಸರ್‌ಗೆ ತೋರಿಸುವ ಡಿಜಿಟಲ್ ಪತ್ರ) ಅವಧಿ ಮುಗಿದು ಅರ್ಧ ದಿನ ಎಲ್ಲ ಬಂದ್. ಎಚ್ಚರಿಕೆಯ ಮೇಲ್‌ಗಳು ಯಾವಾಗಲೋ ಕೆಲಸ ಬಿಟ್ಟು ಹೋದವರ ವಿಳಾಸಕ್ಕೆ ಹೋಗುತ್ತಿದ್ದವು. ಬೈಸಿಕೊಂಡದ್ದು ನಾನು. ರಾತ್ರಿ ಫೋನ್ ರಿಂಗಾದರೆ ಈಗ ಎದೆ ಢವಢವ ಅನ್ನುತ್ತದೆ. ನಾನೇ ನಿಧಾನವಾ ಸರ್? ಕೆಲಸ ಬಿಟ್ಟುಬಿಡಲಾ?
— ಹೆಸರು ಬೇಡ

ಉತ್ತರ: ನೀವು ನಿಧಾನ ಅಲ್ಲ. ಇದು ಸುಮ್ನೆ ಸಮಾಧಾನಕ್ಕೆ ಹೇಳುವ ಮಾತಲ್ಲ, ಇದಕ್ಕೆ ಲೆಕ್ಕ ಇದೆ. 1909ರಲ್ಲಿ ಡೆನ್ಮಾರ್ಕಿನ ಎರ್ಲಾಂಗ್ ಎಂಬ ಗಣಿತಜ್ಞರು ಟೆಲಿಫೋನ್ ಕರೆಗಳ ಮೇಲೆ ಒಂದು ಲೇಖನ ಬರೆದರು. ಸರತಿಯಲ್ಲಿ ನಿಂತವರು ಎಷ್ಟು ಕಾಯಬೇಕು ಎಂಬ ಗಣಿತ ಬೆಳೆದದ್ದು ಅಲ್ಲಿಂದ. ಅದರ ತೀರಾ ಸರಳ ರೂಪ ಹೀಗಿದೆ. ಕೆಲಸಗಳು ಹೊತ್ತುಗೊತ್ತಿಲ್ಲದೆ ಬರುತ್ತವೆ, ಮಾಡುವವರು ಒಬ್ಬರೇ ಅಂತ ಇಟ್ಟುಕೊಳ್ಳಿ. ಅವರ ದಿನ ಶೇ 80ರಷ್ಟು ತುಂಬಿದ್ದರೆ, ಹೊಸ ಕೆಲಸ ತನ್ನ ಸರದಿಗೆ ಕಾಯುವುದು ಒಂದು ಕೆಲಸಕ್ಕೆ ಹಿಡಿಯುವ ಹೊತ್ತಿನ 4 ಪಟ್ಟು. ಶೇ 90 ತುಂಬಿದರೆ 9 ಪಟ್ಟು. ಶೇ 95ಕ್ಕೆ 19 ಪಟ್ಟು. ಅಂದರೆ ಅರ್ಧ ಗಂಟೆಯ ಕೆಲಸಕ್ಕೆ ಒಂಬತ್ತೂವರೆ ಗಂಟೆ ಕಾಯಬೇಕು. ನೂರು ಮುಟ್ಟಿದರೆ ಸರತಿ ಕರಗುವ ಮಾತೇ ಇಲ್ಲ. ನಿಮ್ಮದು ನೂರು ದಾಟಿ ಯಾವ ಕಾಲವಾಯಿತೋ! ಅಲ್ಲಿ ಇನ್ನೂ ಚುರುಕಾಗಿ ಕೆಲಸ ಮಾಡುವುದು ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ.

ನನ್ನ ಕಥೆ ಹೇಳುತ್ತೇನೆ ಕೇಳಿ. ಟೇಪಿನಲ್ಲಿ ಬ್ಯಾಕಪ್ ತೆಗೆಯುತ್ತಿದ್ದ ಕಾಲ. ವಿಭಾಗದಲ್ಲಿ ನಾವು ಇಬ್ಬರೇ. ಬೆಳಗ್ಗೆ ಬಂದ ಕೂಡಲೇ ಬ್ಯಾಕಪ್ ರಿಪೋರ್ಟ್ ನೋಡುತ್ತಿದ್ದೆ. ಹಸಿರು ಟಿಕ್ ಇದೆಯಾ, ಸರಿ, ಮುಂದಿನ ಕೆಲಸ. ಒಂದು ದಿನ ಅಕೌಂಟ್ಸ್‌ನವರು ಒಂದು ಫೋಲ್ಡರನ್ನೇ ಅಳಿಸಿಬಿಟ್ಟರು. ‘ತಲೆ ಕೆಡಿಸಿಕೊಳ್ಳಬೇಡಿ, ಹತ್ತು ನಿಮಿಷ’ ಅಂತ ಜಂಬದಿಂದ ಹೇಳಿ ಕೂತೆ. ಟೇಪ್ ಗರಗರ ಸುತ್ತಿತು. ಫೋಲ್ಡರ್ ಬಂತು. ತೆರೆದು ನೋಡಿದರೆ ಒಳಗಿದ್ದ ಕೊನೆಯ ಫೈಲ್ ನಾಲ್ಕು ತಿಂಗಳು ಹಳೆಯದು. ಡಿಸ್ಕ್ ತುಂಬಿತು ಅಂತ ಯಾರೋ ಡೇಟಾವನ್ನು ಹೊಸ ಡ್ರೈವ್‌ಗೆ ಸಾಗಿಸಿದ್ದರು. ಬ್ಯಾಕಪ್ ಮಾತ್ರ, ಪಾಪ, ಹಳೇ ಡ್ರೈವನ್ನೇ ದಿನಾ ನಿಷ್ಠೆಯಿಂದ ನಕಲು ಮಾಡುತ್ತಿತ್ತು. ಯಾರೋ ಅಂದೆ ಅಲ್ವಾ? ನಾನೇ. ಆ ದಿನ ಅದರ ಮಧ್ಯೆ ಐದು ಸಲ ಫೋನಿಗೆ ಎದ್ದು ಹೋಗಿದ್ದೆ. ಬ್ಯಾಕಪ್ ಸೆಟ್ಟಿಂಗ್ ಬದಲಿಸುವುದು ಮರೆತೇಹೋಯಿತು.

ಅದಕ್ಕಿಂತ ದೊಡ್ಡ ತಪ್ಪು ಆಮೇಲೆ ಮಾಡಿದೆವು. ಮೂರು ರಾತ್ರಿ ಕೂತು, ಮೇಲ್‌ಗಳ ಅಟ್ಯಾಚ್‌ಮೆಂಟ್ ಒಂದೊಂದಾಗಿ ತೆಗೆದು, ಪ್ರಿಂಟ್ ಆದ ಹಾಳೆ ಹುಡುಕಿ ಮತ್ತೆ ಟೈಪ್ ಮಾಡಿ, ಹೇಗೋ ಎಲ್ಲ ಜೋಡಿಸಿಕೊಟ್ಟೆವು. ಮೇಲಿನವರಿಗೆ ಕಳಿಸಿದ್ದು ಒಂದೇ ಸಾಲು: ‘ಸಣ್ಣ ತೊಂದರೆ ಇತ್ತು, ಸರಿಯಾಯಿತು.’ ಆ ವರ್ಷ ಮೂರನೆಯವರೊಬ್ಬರನ್ನು ಕೊಡಿ ಅಂತ ಕೇಳಿದಾಗ ಬಂದ ಉತ್ತರ ಇನ್ನೂ ಕಿವಿಯಲ್ಲಿದೆ. ‘ಇಬ್ಬರೇ ಚೆನ್ನಾಗಿ ನಿಭಾಯಿಸ್ತಾ ಇದೀರಲ್ಲ!’ ಅವರನ್ನು ಬೈದು ಏನು ಬಂತು? ತೂತು ಅವರಿಗೆ ಕಾಣಲೇ ಇಲ್ಲ. ನಾವೇ ನಮ್ಮ ನಿದ್ದೆಯಿಂದ ಅದಕ್ಕೆ ತೇಪೆ ಹಾಕಿದ್ದೆವು.

ಇದಕ್ಕೆ ಪೂರ್ತಿ ಉಲ್ಟಾ ನಡೆದುಕೊಂಡವರು, ಪ್ರೋಗ್ರಾಮರ್‌ಗಳು ಕೋಡ್ ಇಡುವ ಜಾಲತಾಣ ನಡೆಸುವ ಗಿಟ್‌ಲ್ಯಾಬ್‌ನವರು. 2017ರ ಜನವರಿ 31ರ ರಾತ್ರಿ ಅವರ ಎಂಜಿನಿಯರ್ ಒಬ್ಬರು ತಪ್ಪು ಸರ್ವರ್‌ನಲ್ಲಿ ಡೇಟಾಬೇಸ್ ಅಳಿಸಿದರು. ದಿನಾ ಆಗಬೇಕಿದ್ದ ಬ್ಯಾಕಪ್ ಆಗುತ್ತಲೇ ಇರಲಿಲ್ಲ. ಹಾಗಂತ ತಿಳಿಸುವ ಮೇಲ್‌ಗಳೂ ಯಾರಿಗೂ ತಲುಪುತ್ತಿರಲಿಲ್ಲ. ನಿಮ್ಮ ಸರ್ಟಿಫಿಕೇಟ್ ಮೇಲ್ ನೆನಪಾಯಿತಾ? ಸುಮಾರು ಆರು ಗಂಟೆ ಮೊದಲು ಬೇರೆ ಕೆಲಸಕ್ಕೆ ಅಂತ ತೆಗೆದಿಟ್ಟಿದ್ದ ಒಂದು ಸ್ನ್ಯಾಪ್‌ಶಾಟ್‌ನಿಂದ, ಅಂದರೆ ಆ ಹೊತ್ತಿನ ಡೇಟಾದ ನಕಲಿನಿಂದ, ಬಚಾವಾದರು. ಆದರೆ ಮುಚ್ಚಿಡಲಿಲ್ಲ. ಎಲ್ಲಿ ಎಡವಿದೆವು ಅಂತ ಎಳೆಎಳೆಯಾಗಿ ಬರೆದು ಜಗತ್ತಿಗೇ ತೋರಿಸಿದರು.

ನೀವು ಜಗತ್ತಿಗೆ ತೋರಿಸಬೇಕಿಲ್ಲ, ನಿಮ್ಮ ಬಾಸ್‌ಗೆ ತೋರಿಸಿದರೆ ಸಾಕು. ಬಾಕಿ ಇರುವ ದೊಡ್ಡ ಕೆಲಸಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆಯಿರಿ. ಪ್ರತಿಯೊಂದಕ್ಕೂ ಎಷ್ಟು ಗಂಟೆ ಬೇಕು ಅಂತ ಪಕ್ಕದಲ್ಲಿ ಹಾಕಿ. ಮೂವರ ಕೈಯಲ್ಲಿ ಈ ವಾರ ಇರುವ ಗಂಟೆ ಎಷ್ಟು? ಅದು ಮುಗಿಯುವ ಕಡೆ ಒಂದು ಗೆರೆ ಎಳೆಯಿರಿ. ‘ಗೆರೆಯ ಕೆಳಗಿರುವುದು ಈ ವಾರ ಆಗುವುದಿಲ್ಲ. ಅದಲುಬದಲು ಮಾಡಬೇಕಿದ್ದರೆ ಹೇಳಿ’ ಅಂತ ಮೇಲ್ ಕಳಿಸಿ. ‘ಎಲ್ಲವೂ ಮುಖ್ಯ’ ಅಂತ ಉತ್ತರ ಬರುತ್ತದೆ. ಬಂದೇ ಬರುತ್ತದೆ. ವಾದಕ್ಕೆ ಇಳಿಯಬೇಡಿ, ನಿಮ್ಮ ಗೆರೆಯ ಪ್ರಕಾರವೇ ನಡೆಯಿರಿ. ಮುಂದಿನ ಸೋಮವಾರ ಮತ್ತೆ ಅದೇ ಹಾಳೆ, ಹೊಸ ಗೆರೆ. ಕೆಳಗೆ ಬಿದ್ದ ಕೆಲಸ ಎಷ್ಟು ವಾರದಿಂದ ಅಲ್ಲೇ ಇದೆ ಅಂತ ನಮೂದಿಸುತ್ತಾ ಹೋಗಿ. ಎರಡನ್ನು ಮಾತ್ರ ಯಾವ ಕಾರಣಕ್ಕೂ ಗೆರೆಯ ಕೆಳಗೆ ತಳ್ಳಬೇಡಿ: ಸಾಫ್ಟ್‌ವೇರ್‌ನ ತೂತು ಮುಚ್ಚುವ ಸೆಕ್ಯುರಿಟಿ ಪ್ಯಾಚ್ ಹಾಕುವುದು, ಬ್ಯಾಕಪ್‌ನಿಂದ ಒಂದಾದರೂ ಫೈಲ್ ವಾಪಸ್ ತೆಗೆದು ನೋಡುವುದು. ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳುವ ವಾನ್ನಾಕ್ರೈ ಎಂಬ ದುಷ್ಟ ಪ್ರೋಗ್ರಾಂ ಹರಡಿದ್ದು 2017ರ ಮೇ ತಿಂಗಳಲ್ಲಿ. ಅದು ನುಗ್ಗಿದ ತೂತಿಗೆ ಮೈಕ್ರೋಸಾಫ್ಟ್ ಪ್ಯಾಚ್ ಕೊಟ್ಟಿದ್ದು ಮಾರ್ಚ್‌ನಲ್ಲೇ.

ಟೇಬಲ್ ಹತ್ತಿರ ಬಂದು ನಿಲ್ಲುವವರ ಮೇಲೆ ರೇಗಬೇಡಿ. ಅವರ ಎದುರಿಗೇ ಟಿಕೆಟ್ ತೆರೆದು, ‘ನಿಮ್ಮದು 141ನೆಯದು’ ಅಂತ ಪರದೆ ಅವರ ಕಡೆ ತಿರುಗಿಸಿ. ನಾನು ಇದನ್ನು ಶುರು ಮಾಡಿದ ಮೇಲೆ ಅರ್ಧ ಜನ ‘ಓ, ಇಷ್ಟಿದೆಯಾ’ ಅಂತ ತಾವೇ ಹಿಂದೆ ಹೋದರು. ಉಳಿದರ್ಧ ನಮ್ಮ ಬಾಸ್ ಹತ್ತಿರ ಹೋಗಿ ಕೂಗಾಡಿದರು. ಅದೂ ಒಳ್ಳೆಯದೇ ಆಯಿತು!

ಸರ್ಟಿಫಿಕೇಟ್ ವಿಷಯ ಮುಂದೂಡಬೇಡಿ. 2020ರ ಸೆಪ್ಟೆಂಬರ್‌ನಿಂದ ಅದರ ಗರಿಷ್ಠ ಆಯಸ್ಸು 398 ದಿನ ಇತ್ತು. 2026ರ ಮಾರ್ಚ್ 15ರಿಂದ 200 ದಿನ, 2027ರ ಮಾರ್ಚ್‌ನಿಂದ 100 ದಿನ, 2029ರ ಮಾರ್ಚ್‌ನಿಂದ ಬರೀ 47 ದಿನ. ವರ್ಷಕ್ಕೊಮ್ಮೆ ಕೈಯಿಂದ ಮಾಡುತ್ತಿದ್ದ ಕೆಲಸ ಎಂಟು ಸಲ ಮಾಡಬೇಕಾಗುತ್ತದೆ. ತಾನಾಗಿ ನವೀಕರಣ ಆಗುವ ವ್ಯವಸ್ಥೆಗೆ ಈಗಲೇ ಎರಡು ದಿನ ಎತ್ತಿಡಿ. ಎಚ್ಚರಿಕೆಯ ಮೇಲ್ ಒಬ್ಬರ ಹೆಸರಿಗೆ ಬೇಡ, ಇಡೀ ವಿಭಾಗದ ವಿಳಾಸಕ್ಕೆ ಬರಲಿ.

ಇನ್ನು ಕೆಲಸ ಬಿಡುವ ಮಾತು. ಆ ಹಾಳೆಯನ್ನು ಮೂರು ತಿಂಗಳು ಕಳಿಸಿ ನೋಡಿ. ಏನೂ ಕದಲದಿದ್ದರೆ ಬೇರೆ ಕಡೆ ಹುಡುಕಿ, ಇಲ್ಲಿದ್ದುಕೊಂಡೇ ಹುಡುಕಿ. ರಾತ್ರಿ ಫೋನಿಗೆ ನೀವೊಬ್ಬರೇ ಏಳುತ್ತಿದ್ದರೆ ಅದಕ್ಕೆ ಮೂರು ತಿಂಗಳು ಕಾಯಬೇಡಿ. ನಾಳೆಯೇ ಮೂವರೂ ವಾರಕ್ಕೊಬ್ಬರಂತೆ ಹಂಚಿಕೊಳ್ಳಿ. ಉಳಿದ ಎರಡು ವಾರ ಫೋನ್ ಸೈಲೆಂಟ್. ಹೊಸ ಕಡೆ ಇಂಟರ್‌ವ್ಯೂಗೆ ಹೋದಾಗ ನೀವೂ ಒಂದು ಪ್ರಶ್ನೆ ಕೇಳಿ: ‘ಬ್ಯಾಕಪ್‌ನಿಂದ ಕೊನೆಯ ಸಲ ಫೈಲ್ ತೆಗೆದು ನೋಡಿದ್ದು ಯಾವಾಗ?’ ಎದುರಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರೆ ಅರ್ಥವಾಯಿತಲ್ಲ.

ಪ್ರಶ್ನೆ: ನಮ್ಮಲ್ಲಿ ಇಡೀ ನೆಟ್‌ವರ್ಕ್ ಗೊತ್ತಿರುವುದು ಒಬ್ಬ ಹಿರಿಯರಿಗೆ ಮಾತ್ರ. ‘ಬರೆದಿಡಿ ಸರ್’ ಅಂದರೆ ‘ಟೈಮ್ ಎಲ್ಲಿದೆ ಮಾರಾಯಾ’ ಅಂತಾರೆ. ಏನು ಮಾಡಲಿ?
— ಕಿರಿಯ ಎಂಜಿನಿಯರ್

ಉತ್ತರ: ಅವರಿಗೆ ಬರೆಯಲು ಹೇಳಬೇಡಿ, ನೀವು ಬರೆಯಿರಿ. ಅವರು ನೆಟ್‌ವರ್ಕ್ ಸ್ವಿಚ್ (ಕಂಪ್ಯೂಟರ್‌ಗಳನ್ನು ಜೋಡಿಸುವ ಪೆಟ್ಟಿಗೆ) ಸರಿಮಾಡಲು ಎದ್ದಾಗ ಜೊತೆಗೆ ಹೋಗಿ ನಿಲ್ಲಿ. ಟೈಪ್ ಮಾಡಿದ ಕಮಾಂಡ್‌ಗಳನ್ನು ಹಾಗೇ ಗೀಚಿಕೊಳ್ಳಿ. ಮರುದಿನ ‘ಇದು ಸರಿ ಇದೆಯಾ ಸರ್, ಎಲ್ಲೋ ತಪ್ಪಿದೆ ಅನಿಸ್ತಿದೆ’ ಅಂತ ತೋರಿಸಿ. ಬರೆಯಲು ಟೈಮ್ ಇಲ್ಲದವರಿಗೂ ತಪ್ಪು ತಿದ್ದಲು ಟೈಮ್ ಸಿಗುತ್ತದೆ. ನನಗಂತೂ ಸಿಗುತ್ತಿತ್ತು.